ಹುಬ್ಬಳ್ಳಿ ತಲುಪದ ಹನ್ನೆರಡು ಗಂಟೆ

ಡಿಸೆಂಬರ್ ತಿಂಗಳ ಎರಡನೆಯ ಮಂಗಳವಾರ, ಬೆಳಗ್ಗೆ ಐದು ಗಂಟೆ. ಹಾಜರಿದ್ದವರು ನಾನು, ನನ್ನ ಹೆಂಡತಿ ಗಿರಿಜ ಮತ್ತು ಟ್ಯಾಕ್ಸಿಯ ಚಾಲಕ. ಲಿಂಗಪೂಜೆ ನಾಲ್ಕಕ್ಕೇ ಮುಗಿದಿತ್ತು. ಗ್ಯಾಸು, ನೀರಿನ ನಲ್ಲಿ, ಕಿಟಕಿ ಎಲ್ಲವನ್ನೂ ಎರಡೆರಡು ಸಲ ನೋಡಿಕೊಂಡು ನಾಗಸಂದ್ರದ ನಮ್ಮ ಅಪಾರ್ಟ್‌ಮೆಂಟಿನ ಗೇಟು ದಾಟಿದೆವು. ಮರುದಿನ ಹುಬ್ಬಳ್ಳಿಯಲ್ಲಿ ನನ್ನ ತಂಗಿಯ ಮಗಳ ಹೊಸ ಮನೆಯ ಗೃಹಪ್ರವೇಶ. ವಿಮಾನ ಎಂಟು ಇಪ್ಪತ್ತಕ್ಕೆ.

ಯಲಹಂಕ ದಾಟುತ್ತಿದ್ದಂತೆ ಮಂಜು ದಟ್ಟವಾಯಿತು. ಮುಂದಿನ ಲಾರಿಯ ಕೆಂಪು ದೀಪ ಬಿಟ್ಟರೆ ಬೇರೇನೂ ಕಾಣದು. ಚಾಲಕ ಗಾಜು ಇಳಿಸಿ, "ಇವತ್ತು ಪ್ಲೇನ್ ಎದ್ದಂಗೇ ಸಾರ್" ಎಂದ. ಆರೂ ಇಪ್ಪತ್ತೈದಕ್ಕೆ ನಿಲ್ದಾಣ ಸೇರಿದೆವು. ಟ್ಯಾಕ್ಸಿಗೆ ಸಾವಿರದ ಇನ್ನೂರು ರೂಪಾಯಿ ಆಯಿತು.

ತಪಾಸಣೆ ಮುಗಿಸಿ ಒಳಗೆ ಕುಳಿತಾಗ ಏಳು ಗಂಟೆ. ಪಕ್ಕದ ಕುರ್ಚಿಯಲ್ಲಿ ಪ್ಲಾಸ್ಟಿಕ್ ಫೈಲೊಂದನ್ನು ಎದೆಗೆ ಒತ್ತಿಕೊಂಡು ಒಬ್ಬ ಹೆಣ್ಣುಮಗಳು ಕೂತಿದ್ದಳು. ಹೆಸರು ರೇಣುಕಾ, ಗದಗಿನ ಕಡೆಯವಳು, ಪೀಣ್ಯದ ಪಂಪು ಕಾರ್ಖಾನೆಯೊಂದರಲ್ಲಿ ಕೆಲಸ. ಸರ್ಕಾರಿ ಪ್ರಯೋಗಾಲಯದ ಸಹಾಯಕಿ ಹುದ್ದೆಯ ಪಟ್ಟಿಯಲ್ಲಿ ಅವಳ ಹೆಸರು ಬಂದಿತ್ತು. ಅಂದು ಸಂಜೆ ನಾಲ್ಕರೊಳಗೆ ಧಾರವಾಡದ ಕಚೇರಿಯಲ್ಲಿ ಮೂಲ ದಾಖಲೆ ತೋರಿಸಬೇಕಿತ್ತು.

"ನಿನ್ನೆ ಎರಡನೇ ಪಾಳಿ ಮುಗಿಸಿ ಫೋನಿನ್ಯಾಗ ಈ ಸುದ್ದಿ ನೋಡಿದಾಗ ರಾತ್ರಿ ಹನ್ನೊಂದು ಗಂಟಿರಿ ಕಾಕಾರ. ಕಾಗದಪತ್ರ ಎಲ್ಲಾ ಬೆಂಗಳೂರಿನ ಆ ತುದಿಗೆ ಹೂಡಿಯೊಳಗ ಅಕ್ಕನ ಮನ್ಯಾಗಿದ್ವು. ಅಲ್ಲಿಗೆ ಹೋಗಿ ತಗೊಳ್ಳೂದ್ರಾಗ ಒಂದಾತು. ಬಸ್ಸೆಲ್ಲಾ ಹೋಗಿದ್ವು. ಅಕ್ಕನೇ ಈ ಟಿಕೆಟ್ ತಗಿಸಿಕೊಟ್ಟಳ್ರಿ," ಎಂದಳು.

"ಇವತ್ತು ತಪ್ಪಿದ್ರೂ ಮುಂದಿನ ಸಲ ಕರೀತಾರೆ ಬಿಡವ್ವಾ, ಹೆದರಬೇಡ," ಎಂದು ಗಿರಿಜ ಧೈರ್ಯ ಹೇಳಲು ಹೋದಳು.

"ಮುಂದಿನ ಸಲಕ್ಕ ನನ್ನ ವಯಸ್ಸು ಮೀರ್ತೈತ್ರಿ ಅಮ್ಮಾರ."

ಅಷ್ಟರಲ್ಲಿ ಫಲಕದ ಮೇಲೆ ನಮ್ಮ ವಿಮಾನದ ಸಮಯ ಎಂಟು ಐವತ್ತೈದು ಎಂದು ಬದಲಾಯಿತು. ಏಳು ನಲವತ್ತಕ್ಕೆ, ಎದುರು ಕೂತು ನಮ್ಮ ಮಾತು ಕೇಳಿಸಿಕೊಂಡಿದ್ದ ಹುಬ್ಬಳ್ಳಿಯ ಇಬ್ಬರು ವ್ಯಾಪಾರಿಗಳು ಎದ್ದು ನಿಂತರು. ಅವರಿಗೆ ಇಂಥ ಬೆಳಗುಗಳ ಅನುಭವವಿತ್ತು. "ಇದು ಏಳಂಗಿಲ್ಲ. ನಾವು ಕಾರ್ ಮಾಡಿಸೀವಿ, ಒಂದು ಸೀಟ್ ಖಾಲಿ ಐತಿ. ಬರ್ತಿಯೇನವಾ? ಮೂರೂವರಿಗೆ ಧಾರವಾಡ," ಎಂದರು. ರೇಣುಕಾ ಚೀಲ ಹೆಗಲಿಗೇರಿಸಿದಳು. ಆಮೇಲೆ ನನ್ನ ಮುಖ ನೋಡಿದಳು.

"ಬೋರ್ಡಿನಲ್ಲಿ ಸಮಯ ಹಾಕಿದ್ದಾರೆ ತಾಯಿ," ಎಂದೆ ನಾನು. "ಹತ್ತು ಗಂಟೆಗೆ ಹುಬ್ಬಳ್ಳಿಯಲ್ಲಿರ್ತೀಯ. ಮಂಜಿನಲ್ಲಿ ಎಂಟು ಗಂಟೆ ಕಾರಿನಲ್ಲಿ ಯಾಕೆ ಒದ್ದಾಡ್ತೀಯ? ಕೂತ್ಕೋ."

ಅವಳು ಕುಳಿತಳು.

ಪೀಣ್ಯದಲ್ಲಿ ಯಂತ್ರಭಾಗಗಳ ತಪಾಸಣೆ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದವನು ನಾನು. ಒಮ್ಮೆ ಟ್ರಾನ್ಸ್‌ಫಾರ್ಮರ್ ಸುಟ್ಟಾಗ ಮೇಲ್ವಿಚಾರಕರು ಗೇಟಿನ ಮುಂದೆ ಕರಿಹಲಗೆ ಇಟ್ಟು, "ಸಂಜೆ ನಾಲ್ಕರ ತನಕ ಕರೆಂಟ್ ಇಲ್ಲ" ಎಂದು ಬರೆದರು. ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ" ಎಂದೇ ಬರೆಯುತ್ತಿದ್ದರು. ಇನ್ನೂರು ಮಂದಿ ತಂತಮ್ಮ ದಾರಿ ನೋಡಿಕೊಂಡರು. ಹಲಗೆಯ ಮೇಲೆ ಬಂದ ಸಮಯದ ಹಿಂದೆ ಒಬ್ಬ ಮನುಷ್ಯನ ಜವಾಬ್ದಾರಿ ಇರುತ್ತದೆ ಎಂದೇ ನಾನು ಈ ವಯಸ್ಸಿನವರೆಗೂ ನಂಬಿದ್ದೆ.

ಆ ಫಲಕದ ಹಿಂದೆ ಯಾರೂ ಇರಲಿಲ್ಲ. ಎಂಟು ಐವತ್ತೈದು ಒಂಬತ್ತೂವರೆಯಾಯಿತು, ಒಂಬತ್ತೂವರೆ ಹತ್ತೂ ಹತ್ತಾಯಿತು. ಎಷ್ಟು ಹೊತ್ತಾದರೆ ಜನ ಎದ್ದು ಹೋಗುತ್ತಾರೋ ಅದಕ್ಕಿಂತ ಸ್ವಲ್ಪ ಕಡಿಮೆ ಹೊತ್ತನ್ನೇ ಪ್ರತಿಸಲವೂ ಬರೆಯುತ್ತಿದ್ದರು. ಮಂಜಿನ ಮೇಲೆ ನನ್ನ ದೂರಿಲ್ಲ, ಅದು ಯಾರ ಆಳೂ ಅಲ್ಲ. ಆದರೆ ಒಂಬತ್ತು ಗಂಟೆಗೆಲ್ಲ ಬಿಸಿಲು ಬಂದಿತ್ತು. ನಮಗೆ ಬರಬೇಕಾದ ವಿಮಾನ ಇಳಿಯಲಾಗದೆ ಬೆಳಗ್ಗೆ ಏಳಕ್ಕೇ ಚೆನ್ನೈಗೆ ಹೋಗಿತ್ತೆಂದು ನಮಗೆ ತಿಳಿದದ್ದು ಹನ್ನೊಂದಕ್ಕೆ, ಅದೂ ಕಸ ಗುಡಿಸುವ ಹೆಂಗಸಿನ ಬಾಯಿಂದ. ಏಳಕ್ಕೇ ಗೊತ್ತಿದ್ದನ್ನು ಏಳಕ್ಕೇ ಹೇಳಲು ಇವರಿಗೇನು ಅಡ್ಡಿ?

ಅದಕ್ಕೂ ಮೊದಲು, ಹತ್ತೂ ಕಾಲಿಗೆ ನಮ್ಮನ್ನೆಲ್ಲ ಸಾಲು ನಿಲ್ಲಿಸಿ ಬಸ್ಸಿಗೆ ತುಂಬಿದ್ದರು. ಬಸ್ಸು ಬಾಗಿಲು ಮುಚ್ಚಿಕೊಂಡು ಮೂವತ್ತೈದು ನಿಮಿಷ ನಿಂತಲ್ಲೇ ನಿಂತಿತು. ಗಿರಿಜ ಕಂಬ ಹಿಡಿದು ನಿಂತಿದ್ದಳು. ಕೊನೆಗೆ ಅದೇ ಬಾಗಿಲಿಗೆ ತಂದು ಇಳಿಸಿದರು, ಕಾರಣ ಹೇಳಲಿಲ್ಲ. ಆಮೇಲೆ ಉಪಾಹಾರವೆಂದು ಒಂದು ತಣ್ಣನೆಯ ಸ್ಯಾಂಡ್‌ವಿಚ್ಚು, ಒಂದು ಪೊಟ್ಟಣ ಹಣ್ಣಿನ ರಸ. ಗಿರಿಜ ಮನೆಯಿಂದ ತಂದ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದಳು. ರೇಣುಕಾ ಅರ್ಧ ರೊಟ್ಟಿ ತಿಂದು ಕೈ ತೊಳೆದಳು.

ಹನ್ನೆರಡಕ್ಕೆ ಕೌಂಟರಿನವರ ಪಾಳಿ ಬದಲಾಯಿತು. ನಾಲ್ಕು ಗಂಟೆಗಳಿಂದ ನಾವು ಹೇಳಿಕೊಂಡದ್ದೆಲ್ಲ ಹಳೆಯ ಪಾಳಿಯವರ ಜೊತೆ ಎದ್ದು ಹೋಯಿತು. ಹೊಸಬ ಕೇಳಿದ ಮೊದಲ ಪ್ರಶ್ನೆ, "ಸಾರ್, ಯಾವ ಫ್ಲೈಟು?" ಹನ್ನೆರಡು ಐವತ್ತಕ್ಕೆ ವಿಮಾನ ರದ್ದು ಎಂಬ ಪ್ರಕಟಣೆ ಬಂತು. ಪೈಲಟ್ ಮತ್ತಿತರ ವಿಮಾನ ಸಿಬ್ಬಂದಿಯ ಕೆಲಸದ ಅವಧಿ ಮುಗಿದಿದೆಯಂತೆ.

ರೇಣುಕಾ ಅಳಲಿಲ್ಲ. ಧಾರವಾಡದ ಕಚೇರಿಗೆ ಫೋನ್ ಮಾಡಿದಳು. ಆ ಕಡೆಯ ಗುಮಾಸ್ತರು ಸಂಭಾವಿತರು. "ವಿಮಾನ ಕೈಕೊಟ್ಟಿದ್ದಕ್ಕ ಬರವಣಿಗಿ ಪುರಾವೆ ಸ್ಕ್ಯಾನ್ ಮಾಡಿ ಐದರೊಳಗ ಮೇಲ್ ಕಳಸ್ರಿ, ಫೋನಿನ್ಯಾಗ ತಗದ ಫೋಟೋ ನಡಿಯಂಗಿಲ್ಲ. ಸಾಹೇಬ್ರ ಮುಂದ ಇಡ್ತೀನಿ, ನಾಳೆಗೊಂದು ಅವಕಾಶ ಕೇಳೋಣು. ಐದು ದಾಟಿದ್ರ ನನ್ನ ಕೈಯಾಗಿಲ್ರಿ," ಎಂದರು.

ನಾನು ಅವಳನ್ನು ಕರೆದುಕೊಂಡು ವಿಮಾನ ಸಂಸ್ಥೆಯ ಡ್ಯೂಟಿ ಮ್ಯಾನೇಜರ್ ಬಳಿ ಹೋದೆ. ಅಚ್ಚುಕಟ್ಟಾದ ಉಡುಪಿನ ಹೆಂಗಸು.

"ವೆದರ್ ಸಾರ್. ನಮ್ಮ ಕೈಲೇನೂ ಇಲ್ಲ," ಎಂದರು.

"ಅದನ್ನೇ ಬರೆದುಕೊಡಿ ಅಮ್ಮಾ. ಎರಡು ಸಾಲು ಸಾಕು."

"ವೆಬ್‌ಸೈಟಲ್ಲಿ ರಿಕ್ವೆಸ್ಟ್ ಹಾಕಿ ಸಾರ್. ಎಪ್ಪತ್ತೆರಡು ಗಂಟೇಲಿ ಮೇಲ್ ಬರುತ್ತೆ."

"ಈ ಹುಡುಗಿ ಹತ್ತಿರ ಇರೋದು ನಾಲ್ಕು ಗಂಟೆ."

"ಅರ್ಥ ಆಗುತ್ತೆ ಸಾರ್. ಆದ್ರೆ ಪಾಲಿಸಿ."

"ಅರ್ಥ ಆದಮೇಲೂ ಬರೆಯೋಕೆ ಆಗಲ್ವಾ?"

ಅವರು ಮುಗುಳ್ನಕ್ಕು ಮುಂದಿನವರ ಕಡೆ ತಿರುಗಿದರು. ನಮ್ಮ ವಿಭಾಗದಲ್ಲಿ ಒಂದು ಬೋಲ್ಟು ಕೆಟ್ಟಿದ್ದರೂ ಏನು ಕೆಟ್ಟಿದೆ, ಎಷ್ಟು ಹೊತ್ತಿಗೆ ಕಂಡಿತು ಎಂದು ಚೀಟಿ ಬರೆದು, ಸಹಿ ಹಾಕಿ ಅದಕ್ಕೆ ಕಟ್ಟುತ್ತಿದ್ದೆವು. ಇಲ್ಲಿ ಒಂದು ಜೀವನ ಕೆಟ್ಟರೂ ಚೀಟಿಯಿಲ್ಲ.

ಡೈರಿಯಿಂದ ಹಾಳೆ ಹರಿದೆ. ಫಲಕದ ಸಮಯ ಬದಲಾದ ಪ್ರತಿಯೊಂದು ಸಲವನ್ನೂ ನಾನು ಗುರುತು ಹಾಕಿಕೊಂಡಿದ್ದೆ. ಎಲ್ಲವನ್ನೂ ಕ್ರಮವಾಗಿ ಬರೆದು, ಕೆಳಗೆ ಪ್ರಯಾಣಿಕರ ಸಹಿ ಕೇಳುತ್ತ ಕುರ್ಚಿಯಿಂದ ಕುರ್ಚಿಗೆ ಹೋದೆ. ದಾವಣಗೆರೆಯ ಮೇಷ್ಟ್ರೊಬ್ಬರು ಬರಹ ಓದಿ, ಒಂದು ಸಮಯ ತಿದ್ದಿ ಸಹಿ ಹಾಕಿದರು. ಮಂಡಿಯಲ್ಲಿ ದಲಾಲಿ ನಡೆಸುವ ದಪ್ಪ ಮೀಸೆಯ ಅಡತಿ ವ್ಯಾಪಾರಿಯೊಬ್ಬರು, "ನನ್ನ ಸಹಿ ಬ್ಯಾಂಕಿನವ್ರೇ ಒಪ್ಪಂಗಿಲ್ರೀ ಯಜಮಾನ್ರ, ನಡೀತದೇನು?" ಎನ್ನುತ್ತಲೇ ದೊಡ್ಡದಾಗಿ ಗೀಚಿದರು. ಒಟ್ಟು ಮೂವತ್ತೊಂದು ಸಹಿ. ಹೊರಗೆ ಬಿಡುವಾಗ ಕೌಂಟರಿನವರು ಬೋರ್ಡಿಂಗ್ ಪಾಸಿಗೆ "ರದ್ದು" ಎಂದು ಮುದ್ರೆ ಒತ್ತಿದರು. ನಮ್ಮನ್ನು ಆಚೆ ಕಳಿಸಲು ಮುದ್ರೆ ಅವರ ಬಳಿ ಸಿದ್ಧವಾಗಿತ್ತು.

ರಾತ್ರಿ ಬಸ್ಸಿಗಾದರೂ ಹುಬ್ಬಳ್ಳಿಗೆ ಹೊರಡೋಣವೆಂದು ಎರಡೂವರೆಗೆ ಊರ ಕಡೆಯ ವಿಮಾನ ನಿಲ್ದಾಣದ ಬಸ್ಸು ಹತ್ತಿದೆವು. ರೇಣುಕಾಳ ಕೋಣೆ ಪೀಣ್ಯದಲ್ಲಿ, ಅವಳೂ ಜೊತೆಗಿದ್ದಳು. ಹೆಬ್ಬಾಳದ ಬಳಿ ಟ್ರಾಫಿಕ್ಕಿನಲ್ಲಿ ಇಪ್ಪತ್ತು ನಿಮಿಷ ನಿಂತೆವು. ಅಲ್ಲಿಯವರೆಗೂ ನಾನು ವಿಮಾನ ಸಂಸ್ಥೆಯನ್ನು ಬೈಯುತ್ತಲೇ ಇದ್ದೆ. ಆಗ ಗಿರಿಜ ನನ್ನ ಕಡೆ ತಿರುಗಿದಳು.

"ಅವರನ್ನ ಬೈದಿದ್ದು ಸಾಕು ಕಣ್ರೀ. ಕಾರ್ ಹತ್ತೋಕೆ ಎದ್ದೋಳನ್ನ ಕೂರಿಸಿದ್ದು ಯಾರು? ಏರ್‌ಲೈನಿನೋರಾ?"

"ಬಿಡ್ರಿ ಅಮ್ಮಾರ," ಎಂದಳು ರೇಣುಕಾ, "ಕಾಕಾರು ಒಳ್ಳೇದಕ್ಕ ಹೇಳಿದ್ರು." ಹೇಳುವಾಗ ಅವಳು ಕಿಟಕಿಯ ಆಚೆ ನೋಡುತ್ತಿದ್ದಳು.

ಗೊರಗುಂಟೆಪಾಳ್ಯದಲ್ಲಿ ಇಳಿದು ಮೆಟ್ರೊ ಹಿಡಿದು ನಾಗಸಂದ್ರಕ್ಕೆ ಬಂದಾಗ ನಾಲ್ಕೂ ಇಪ್ಪತ್ತೆಂಟು. ನಿಲ್ದಾಣದ ಪಕ್ಕದ ಜೆರಾಕ್ಸ್ ಅಂಗಡಿಯವರು ನನಗೆ ಪರಿಚಿತರು. ಬೋರ್ಡಿಂಗ್ ಪಾಸನ್ನೂ ಸಹಿಗಳ ಹಾಳೆಯನ್ನೂ ಸ್ಕ್ಯಾನಿಗೆ ಇಟ್ಟು, "ಎರಡೇ ಪೇಜಾ ಸಾರ್?" ಎಂದರು.

"ಇನ್ನೊಂದಿದೆ, ಐದು ನಿಮಿಷ ಕೊಡಿ," ಎಂದೆ.

ಅಂಗಡಿಯ ಗಾಜಿನ ಪೆಟ್ಟಿಗೆಯ ಮೇಲೆ ಹಾಳೆ ಇಟ್ಟು ಬರೆದೆ: ಅಭ್ಯರ್ಥಿ ರೇಣುಕಾ ಅವರು ಬೆಳಗ್ಗೆ ಏಳು ನಲವತ್ತಕ್ಕೇ ರಸ್ತೆಯ ಮೂಲಕ ಧಾರವಾಡಕ್ಕೆ ಹೊರಡಲು ಎದ್ದಿದ್ದರು, ಹೋಗಿದ್ದರೆ ಸಮಯಕ್ಕೆ ತಲುಪುತ್ತಿದ್ದರು. ವಿಮಾನ ಸಂಸ್ಥೆಯ ಫಲಕವನ್ನು ನಂಬಿ ಅವರನ್ನು ತಡೆದು ಕೂರಿಸಿದವನು ನಾನು. ತಡವಾದುದರಲ್ಲಿ ಅವರ ಅಲಕ್ಷ್ಯವಿಲ್ಲ. ಕೆಳಗೆ ಹೆಸರು, ವಯಸ್ಸು, ವಿಳಾಸ, ಫೋನ್ ಸಂಖ್ಯೆ ಬರೆದು ಸಹಿ ಹಾಕಿದೆ. ರೇಣುಕಾ ಓದಿದಳು, ಹಾಳೆಯನ್ನು ತಾನೇ ಅಂಗಡಿಯವರ ಕೈಗೆ ಕೊಟ್ಟಳು.

ನಾಲ್ಕು ಐವತ್ತೆರಡಕ್ಕೆ ಮೂರೂ ಹಾಳೆ ಧಾರವಾಡಕ್ಕೆ ಹೋದವು. ಅವಳು ಗುಮಾಸ್ತರಿಗೆ ಫೋನ್ ಹಚ್ಚಿದಳು. ಹಾಳೆಗಳು ಬಂದು ಸೇರಿವೆ ಎಂದು ಅವರು ಹೇಳುವವರೆಗೂ ಅಂಗಡಿಯ ಮುಂದೆ ನಿಂತಿದ್ದೆವು.