ಖೈರೂಗೆ ಎತ್ತಿಟ್ಟ ಸೋಡಾ

ಸೋಡಾ ಬಾಟ್ಲಿ ಆರಿಸುವುದಕ್ಕೂ ಒಂದು ಕಣ್ಣು ಬೇಕು. ನೀವು ನಗಬಹುದು, ಆದರೆ ಹೆಣ್ಣಿಗೆ ಗಂಡು ಆರಿಸುವಾಗಲೂ ಇಷ್ಟು ನೋಡದವರು ನಮ್ಮ ಮನೆಯಲ್ಲೇ ಇದ್ದರು, ಅದಕ್ಕೆ ನಾನೇ ಸಾಕ್ಷಿ.

ಮೂರನೇ ಇಯತ್ತೆಗೇ ಓದು ಬಿಟ್ಟ ನನಗೆ ಈ ವಿದ್ಯೆ ಕಲಿಸಿದವಳು ತವರಿನ ಪಕ್ಕದ ಮನೆಯ ಖೈರುನ್ನಿಸಾ. ದಾವಣಗೆರೆಯಲ್ಲಿ ಅವಳ ಅಪ್ಪ, ನಾವೆಲ್ಲ ಚಾಚಾ ಎನ್ನುತ್ತಿದ್ದವರು, ಮನೆಯಲ್ಲೇ ಮಿಷನ್ನು ಇಟ್ಟುಕೊಂಡು ಗೋಲಿ ಸೋಡಾ ತುಂಬುತ್ತಿದ್ದರು. ಬಾಟ್ಲಿಯನ್ನು ಬಿಸಿಲಿಗೆ ಹಿಡಿದು ಓರೆ ಮಾಡಿದಾಗ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಸಾಲಾಗಿ ಎದ್ದರೆ ಅದು ಗಟ್ಟಿ ಸೋಡಾ. ದಪ್ಪ ಗುಳ್ಳೆ ಬುಳುಬುಳು ಎಂದರೆ ಬಾಯಿಗೆ ಬರುವಷ್ಟರಲ್ಲಿ ಸತ್ತಿರುತ್ತದೆ.

"ಮಂದಿನೂ ಹಂಗೇ ನೋಡೇ, ಭಾಳ ಬುಳುಬುಳು ಅನ್ನೋರನ್ನ ನಂಬಬ್ಯಾಡ" ಎನ್ನುತ್ತಿದ್ದಳು.

ಅವಳನ್ನು ಹರಿಹರಕ್ಕೆ ಕೊಟ್ಟರು, ನನ್ನನ್ನು ಊರಲ್ಲೇ ಕೆ.ಬಿ. ಬಡಾವಣೆಗೆ. ಆದರೂ ದೀಪಾವಳಿಗೆ ನಮ್ಮಲ್ಲಿ ಬೀಗರ ಊಟವಿದ್ದ ದಿನ ಬೆಳಗ್ಗೆಯೇ ಬಸ್ಸಿಳಿದು ಬಂದು, ಚಾಚಾ ತಂದಿಳಿಸಿದ ಕ್ರೇಟಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಅಪ್ಪನ ಮಾಲನ್ನೇ ಮುಲಾಜಿಲ್ಲದೆ ಪಕ್ಕಕ್ಕೆ ಸರಿಸುತ್ತಿದ್ದಳು. ಹೋಳಿಗೆ ಉಂಡು ಸೋಡಾ ಕುಡಿದ ಬೀಗರು ಒಬ್ಬರಾದ ಮೇಲೊಬ್ಬರು ತೇಗುವಾಗ ನಾವಿಬ್ಬರೂ ಅಡುಗೆಮನೆಯಲ್ಲಿ ಸೆರಗು ಬಾಯಿಗಿಟ್ಟು ನಗುತ್ತಿದ್ದೆವು.

ಒಂದು ವರ್ಷ ದೀಪಾವಳಿಗೆ ಅವಳು ಬರಲಿಲ್ಲ. ಬೀಗರು ಆಗಲೇ ಪಡಸಾಲೆ ತುಂಬಿದ್ದರು, ನಾನೇ ಆರಿಸಿದೆ. ಎಲ್ಲಕ್ಕಿಂತ ಚೆನ್ನಾಗಿ ಕಂಡದ್ದೊಂದನ್ನು ಅವಳಿಗೆಂದು ಒದ್ದೆ ಮರಳಲ್ಲಿ ಹುಗಿದಿಟ್ಟೆ. ಮರುದಿನ ಚಾಚಾ ಖಾಲಿ ಬಾಟ್ಲಿ ಒಯ್ಯಲು ಬಂದರು.

"ಒಂದು ಕಡಿಮೆ ಐತಲ್ಲವ್ವಾ."

"ಅದು ಖೈರೂದು. ಅಕಿ ಬಂದು ಕುಡಿದ ಮ್ಯಾಲೆ ಒಯ್ರಿ."

ಚಾಚಾ ಕ್ರೇಟು ಕೆಳಗಿಟ್ಟರು. "ಅಳಿಯಗೆ ಬೊಂಬಾಯಿನಾಗ ಕೆಲಸ ಸಿಕ್ತು. ಹೋದ ವಾರನೇ ಮನಿ ಖಾಲಿ ಮಾಡಿ ಹೋದ್ರು. ನಿನಗ ಹೇಳು ಅಂದಿದ್ಲು. ಹಬ್ಬ ಕೆಡ್ತತೆ ಅಂತ ನಾನೇ ಬಾಯಿ ಬಿಡ್ಲಿಲ್ಲವ್ವ."

ಹರಿಹರವಾದರೆ ಒಂದು ಬಸ್ಸಿಗೆ ಬಂದು ಇನ್ನೊಂದು ಬಸ್ಸಿಗೆ ಹೋಗಬಹುದು. ಬೊಂಬಾಯಿಗೆ ಹೋದವರು ಕಾಗದದಲ್ಲಿ ಮಾತ್ರ ಬರುತ್ತಾರೆ. ನನಗೋ ಅಕ್ಷರ ಕೂಡಿಸಿ ಓದುವಷ್ಟೇ ವಿದ್ಯೆ, ಅವಳಿಗೆ ಅದೂ ಇಲ್ಲ. ಇನ್ನು ಆ ಬಾಟ್ಲಿ ಇಟ್ಟುಕೊಂಡು ಪೂಜೆ ಮಾಡುವುದೇ? ತಂದು, ಹೆಬ್ಬೆರಳಿಂದ ಗೋಲಿ ಒತ್ತಿ, ನಮ್ಮ ಎರಡು ಲೋಟಕ್ಕೆ ಬಗ್ಗಿಸಿ "ಕೂಡ್ರಿ" ಎಂದೆ. ಕಟ್ಟೆಯ ಮೇಲೆ ಕೂತು ಕುಡಿದೆವು.

"ಖೈರೂಗಿಂತ ಚಲೋ ಆರ್ಸೀಯವ್ವ" ಎಂದರು ಚಾಚಾ.

"ಸುಳ್ಳು ಹೇಳಬ್ಯಾಡ್ರಿ. ಗುಳ್ಳೆ ದಪ್ಪ ಅದಾವು. ಅಕಿ ಇದನ್ನ ಮುಟ್ತಿರ್ಲಿಲ್ಲ."

"ಹೌದವ್ವ, ಮುಟ್ತಿರ್ಲಿಲ್ಲ" ಎಂದು ಚಾಚಾ ಬಾಟ್ಲಿಯಲ್ಲಿ ಉಳಿದಿದ್ದ ಸೋಡಾಕ್ಕೆ ಲೋಟ ಮುಂದೆ ಹಿಡಿದರು.