ಹಲ್ಲು ಎಣಿಸುವ ಉಗ್ರಪ್ಪ

ಬೆಳಗಿನ ಐದೂಮುಕ್ಕಾಲು. ಬಸವೇಶ್ವರನಗರದ ಆ ಅಡ್ಡರಸ್ತೆಯಲ್ಲಿ ಹಾಲಿನವನು ಇನ್ನೂ ಅರ್ಧ ಬೀದಿ ಮುಗಿಸಿಲ್ಲ. ಒಂದು ಮನೆಯ ಗೇಟಿನೊಳಗೆ, ಹಳೆಯ ಬಿಳಿ ಕಾರಿನ ಮುಂದಿನ ಚಕ್ರದೆದುರು ಉಗ್ರಪ್ಪ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಕಾರಿನೊಳಗೆ ಮನೆಯೊಡತಿ ಜಲಜಾ ಎರಡೂ ಕಾಲಲ್ಲಿ ಬ್ರೇಕ್ ಒತ್ತಿ ಹಿಡಿದಿದ್ದಾರೆ. ಉಗ್ರಪ್ಪ ಸ್ಪ್ಯಾನರಿಗೆ ಉದ್ದದ ಕಬ್ಬಿಣದ ಪೈಪು ಸಿಕ್ಕಿಸಿ ಅದರ ಮೇಲೆ ಮೈಭಾರ ಬಿಡುತ್ತಾರೆ. ಕಟ್ ಎಂದು ಒಂದೇ ಸದ್ದು, ಚಕ್ರದ ನಡುವಿನ ದೊಡ್ಡ ನಟ್ಟು ಸಡಿಲವಾಗುತ್ತದೆ.

“ಇದನ್ನ ಚಕ್ರ ನೆಲದ ಮೇಲಿರುವಾಗ್ಲೇ ಸಡಿಲ ಮಾಡ್ಕೋಬೇಕು. ಜಾಕಿ ಕೊಟ್ಟ ಮೇಲೆ ಎಳೆದಾಡಿದ್ರೆ ಗಾಡಿ ನಮ್ಮ ಎದೆ ಮೇಲೇ ಬೀಳುತ್ತೆ. ಮೇಡಂ, ಬ್ರೇಕ್ ಬಿಡಿ, ಸಾಕು” ಎನ್ನುತ್ತಾರೆ.

ಹೆಸರು ಮಾತ್ರ ಉಗ್ರಪ್ಪ. ಈ ಮನುಷ್ಯ ದನಿ ಎತ್ತಿದ್ದನ್ನು ಕೇಳಿದವರಿಲ್ಲ. ವಯಸ್ಸು ಐವತ್ತಾರು, ಹೇರೋಹಳ್ಳಿಯವರು, ಅದು ಇನ್ನೂ ಹಳ್ಳಿಯಾಗಿದ್ದಾಗ ಹುಟ್ಟಿದವರು. ಇಪ್ಪತ್ತು ವರ್ಷ ನಾಯಂಡಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ದುಡಿದರು. ಅದರ ಮಾಲೀಕರು ಜಾಗ ಮಾರಿದಾಗ ಬೇರೆ ಶೆಡ್ ಹಿಡಿಯುವ ತಾಕತ್ತು ಇರಲಿಲ್ಲ. ಜಾಕಿ, ಪೈಪು, ಸ್ಪ್ಯಾನರು ಎಲ್ಲವನ್ನೂ ಸ್ಕೂಟರಿಗೆ ಕಟ್ಟಿಕೊಂಡು ಮನೆಮನೆಗೆ ಹೊರಟರು. ಹಾಗೆ ಹೊರಟು ಹನ್ನೊಂದು ವರ್ಷವಾಯಿತು.

ಅವರ ಕೈಗೆ ಹೆಚ್ಚು ಬರುವುದು ಆಕ್ಸಲ್ ಕೆಲಸ. ಎಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವ ಕಬ್ಬಿಣದ ಕೋಲು ಅದು. ಅದರ ಕೀಲನ್ನು ಮುಚ್ಚಿದ ರಬ್ಬರು ಹರಿದು, ಗ್ರೀಸು ಸೋರಿ, ಧೂಳು ಹೊಕ್ಕರೆ ತಿರುವಿನಲ್ಲಿ ಟಕಟಕ ಶುರು. ನಮ್ಮ ರಸ್ತೆಗಳ ಕೃಪೆಯಿಂದ ಈ ಕಾಯಿಲೆಗೆ ಬರವೇ ಇಲ್ಲ. ದಿನಕ್ಕೆ ಎರಡು ಗಾಡಿ, ಒಂದೊಂದಕ್ಕೆ ಎರಡೂವರೆ ಗಂಟೆ. ಮೂರನೆಯದನ್ನು ಯಾರು ಹೇಳಿದರೂ ಒಪ್ಪುವುದಿಲ್ಲ. ಬೆನ್ನು ನೆಲಕ್ಕೆ ಹಚ್ಚಿ ಮಲಗಿ ಮಲಗಿ ಎಡಭುಜ ಮೇಲಕ್ಕೇ ಏಳದಂತಾಗಿದೆ. ಅಂಗಿ ತೊಡುವಾಗಲೂ ಅದನ್ನು ಬಲಗೈಯಿಂದ ಎತ್ತಿಕೊಳ್ಳಬೇಕು.

ಇವತ್ತಿನ ಕೆಲಸಕ್ಕೆ ಒಂದು ಗಡುವಿದೆ. ಜಲಜಾ ಅವರ ಪತಿ ಸೇತುರಾಮ ಅವರಿಗೆ ಹತ್ತು ಗಂಟೆಗೆ ಡಯಾಲಿಸಿಸ್. ಆ ಹೊತ್ತು ತಪ್ಪಿದರೆ ಇವತ್ತು ಮತ್ತೆ ಬೆಡ್ ಸಿಗುವುದಿಲ್ಲ. ಆಟೋದ ಕುಲುಕಾಟ ಅವರಿಗೆ ಆಗದು. ಕಾರಿನ ಸೀಟು ಹಿಂದಕ್ಕೆ ಚಾಚಿ ಮಲಗಿಸಿಕೊಂಡೇ ಕರೆದೊಯ್ಯಬೇಕು. ಜಗಲಿಯ ಕುರ್ಚಿಯಲ್ಲಿ ಶಾಲು ಹೊದ್ದು ಕೂತ ಅವರು ಗಡಿಯಾರ ನೋಡುತ್ತಾರೆ, ಉಗ್ರಪ್ಪನವರ ಕೈ ನೋಡುತ್ತಾರೆ.

ಹಳೆಯ ಕೋಲು ಹೊರಬರುತ್ತದೆ. ಉಗ್ರಪ್ಪ ದಿನಪತ್ರಿಕೆ ಹಾಸಿ, ಹಳೆಯದು ಹೊಸದು ಎರಡನ್ನೂ ಪಕ್ಕಪಕ್ಕ ಮಲಗಿಸುತ್ತಾರೆ. ದಾರ ಹಿಡಿದು ಉದ್ದ ಅಳೆಯುತ್ತಾರೆ. ಆಮೇಲೆ ಚಕ್ರದ ನಡುವಿಗೆ ಕಚ್ಚಿಕೊಳ್ಳುವ ತುದಿಯ ಸಣ್ಣ ಹಲ್ಲುಗಳಲ್ಲಿ ಒಂದಕ್ಕೆ ಸೀಮೆಸುಣ್ಣ ಹಚ್ಚಿ, ಉಗುರಿನಿಂದ ಒಂದೊಂದೇ ಮುಟ್ಟುತ್ತಾ ಎಣಿಸುತ್ತಾರೆ. ಹಳೆಯದಕ್ಕೆ ಇಪ್ಪತ್ತಮೂರು. ಹೊಸದಕ್ಕೆ ಇಪ್ಪತ್ತೈದು. ಮತ್ತೆ ಎಣಿಸುತ್ತಾರೆ, ಇಪ್ಪತ್ತೈದೇ.

“ಡಬ್ಬದ ಮೇಲಿನ ನಂಬರ್ ಸರಿ ಇದೆ, ಒಳಗಿರೋದು ಬೇರೆ. ನಿನ್ನೆ ಸಾಯಂಕಾಲ ಅಂಗಡೀಲೇ ಬಿಚ್ಚಿ ನೋಡ್ಬೇಕಿತ್ತು. ನಂದೇ ತಪ್ಪು ಮೇಡಂ.”

ಜಲಜಾ ಜಗಲಿಯ ಕಡೆ ನೋಡುತ್ತಾರೆ. “ಅಂಗಡಿ ತೆಗೆಯೋದು ಹತ್ತಕ್ಕಲ್ವಾ ಉಗ್ರಪ್ಪನವರೇ? ಇವರನ್ನ ಹೇಗೆ ಕರ್ಕೊಂಡು ಹೋಗ್ಲಿ?”

ಗಂಟೆ ಆರೂಮುಕ್ಕಾಲು. ಉಗ್ರಪ್ಪ ಆಗಲೇ ಫೋನ್ ಕಿವಿಗೆ ಹಿಡಿದಿದ್ದಾರೆ. ನಾಯಂಡಹಳ್ಳಿಯಲ್ಲಿ ಹಳೆಯ ಕಾರುಗಳ ಬಿಡಿಭಾಗದ ಗೋಡೌನ್ ಇಟ್ಟಿರುವ ತಮ್ಮಣ್ಣನಿಗೆ ಇನ್ನೂ ನಿದ್ದೆ. “ತಮ್ಮಣ್ಣ, ಬೈಕೋ, ಆದ್ರೆ ಬೀಗ ತೆಗಿ. ಇಪ್ಪತ್ತಮೂರು ಹಲ್ಲಿಂದು ಬೇಕು.” ಸ್ಕೂಟರು ಹೋಗುತ್ತದೆ. ಐವತ್ತು ನಿಮಿಷಕ್ಕೆ ವಾಪಸ್ಸು, ಎರಡು ಕಾಲಿನ ನಡುವೆ ಗೋಣಿ ಸುತ್ತಿದ ಕೋಲು.

ನೀವಾಗಿದ್ದರೆ, ನಾವಾಗಿದ್ದರೆ, ಎಳೆದು ತಂದದ್ದನ್ನು ಬಡಿದು ಕೂರಿಸಿಬಿಡುತ್ತಿದ್ದೆವು. ಈ ಪುಣ್ಯಾತ್ಮ ಮತ್ತೆ ಪತ್ರಿಕೆ ಹಾಸುತ್ತಾರೆ, ಮತ್ತೆ ದಾರ, ಮತ್ತೆ ಸೀಮೆಸುಣ್ಣ. ಗೋಡೌನಿನಲ್ಲಿ ಎಣಿಸಲಿಲ್ಲವೇ ಎಂದು ನಾವು ಕೇಳಿದರೆ, ಎಣಿಸಿದ್ದೆ ಎನ್ನುತ್ತಾರೆ. “ಒಂದ್ಸಲ ಅವಸರದಲ್ಲಿ ಅಳೀದೆ ಹಾಕ್ಬಿಟ್ಟಿದ್ದೆ. ಒಂದು ಬೆರಳು ಗಿಡ್ಡ ಇತ್ತು. ಮೈಸೂರು ರೋಡ್ ಮಧ್ಯೆ ಕಳಚ್ಕೊಂಡು ಗಾಡಿ ನಿಂತೋಯ್ತು. ಒಳಗೆ ಬಾಣಂತಿ, ಹಸುಗೂಸು. ಯಾರಿಗೂ ಏನೂ ಆಗ್ಲಿಲ್ಲ. ಅವ್ರು ನನ್ನ ಬೈಲೂ ಇಲ್ಲ. ಬೈದಿದ್ರೆ ಮರೀತಿದ್ನೋ ಏನೋ.”

ಆಮೇಲಿನದನ್ನು ನೋಡಿಯೇ ನಂಬಬೇಕು. ಕಾರಿನಡಿ ಮಲಗಿ, ಏಳದ ಎಡಭುಜವನ್ನು ಬಲಗೈಯಿಂದ ಎತ್ತಿ ಜಾಗಕ್ಕಿಟ್ಟು, ಕಣ್ಣಿಗೆ ಕಾಣದ ಕಡೆ ಕೋಲಿನ ತುದಿಯನ್ನು ಬೆರಳಲ್ಲೇ ಹುಡುಕಿ ಕೂರಿಸುತ್ತಾರೆ. ಟಕ್ಕೆಂದು, ಕೋಲು ಕಳಚದಂತೆ ಹಿಡಿಯುವ ಒಳಗಿನ ಕ್ಲಿಪ್ಪು ಬೀಳುತ್ತದೆ. ಬಿದ್ದದ್ದು ಕೇಳಿಸಿದರೂ ಎಳೆದು ನೋಡುತ್ತಾರೆ. ಹಳೆಯ ನಟ್ಟನ್ನು ಪಕ್ಕಕ್ಕಿಟ್ಟು ಹೊಸದನ್ನೇ ಬಿಗಿಯುತ್ತಾರೆ. ಅಬ್ಬಾ, ಇಂಥ ಕೈಗೆ ಕೈ ಮುಗಿಯದೆ ಇನ್ಯಾವುದಕ್ಕೆ ಮುಗಿಯುವುದು!

ಎಂಟೂ ಐವತ್ತು. ಜಲಜಾ ಸ್ಟಿಯರಿಂಗ್ ಹಿಡಿಯುತ್ತಾರೆ, ಉಗ್ರಪ್ಪ ಪಕ್ಕದಲ್ಲಿ. ಬೀದಿ ಕೊನೆಯ ಮೈದಾನದ ಮೂಲೆಯಲ್ಲಿ ಪೂರ್ತಿ ಎಡಕ್ಕೆ ಒಂದು ಸುತ್ತು, ಪೂರ್ತಿ ಬಲಕ್ಕೆ ಒಂದು ಸುತ್ತು. ತಾವು ಬಿಚ್ಚಿದ ಗಾಡಿಯಲ್ಲಿ ಮೊದಲು ತಾವೇ ಕೂರಬೇಕೆಂಬುದು ಅವರ ನೇಮ. ಮರಳಿ ಬಂದು, ಸೇತುರಾಮ ಅವರ ತೋಳು ಹಿಡಿದು ಸೀಟಿನಲ್ಲಿ ಒರಗಿಸುತ್ತಾರೆ. ಒಂಬತ್ತೂ ಹತ್ತಕ್ಕೆ ಕಾರು ಗೇಟು ದಾಟುತ್ತದೆ.

ಉಗ್ರಪ್ಪ ಮಾತ್ರ ಹೊರಡುವುದಿಲ್ಲ. ನೆಲದ ಎಣ್ಣೆಯ ಕಲೆಗೆ ಮರಳು ಹಾಕಿ ಉಜ್ಜುತ್ತಾರೆ. ಎರಡನೆಯ ಗಾಡಿಯವರು ಫೋನ್ ಮಾಡಿದರೆ “ಸ್ವಲ್ಪ ತಡೀರಿ ಸಾರ್” ಎನ್ನುತ್ತಾರೆ. ಒಂಬತ್ತೂ ನಲವತ್ತಕ್ಕೆ ಜಲಜಾ ಅವರ ಕರೆ ಬರುತ್ತದೆ. “ಹೂಂ... ಹೂಂ... ಹೌದಾ?” ಅಷ್ಟೇ. ಫೋನ್ ಜೇಬಿಗಿಟ್ಟು ಮತ್ತೆ ಕಲೆ ಉಜ್ಜತೊಡಗುತ್ತಾರೆ. ಏನಂತೆ ಎಂದು ನಾವು ಎರಡು ಸಲ ಕೇಳಬೇಕಾಗುತ್ತದೆ.

“ಟೈಮಿಗೆ ಮುಟ್ಟಿದ್ರಂತೆ. ಯಜಮಾನ್ರು ದಾರೀಲೇ ನಿದ್ದೆ ಹೋಗ್ಬಿಟ್ಟಿದ್ರಂತೆ, ಆಸ್ಪತ್ರೆ ಬಂದ್ಮೇಲೆ ಎಬ್ಬಿಸ್ಬೇಕಾಯ್ತಂತೆ.”