ಗಾಳಿಯಾಡದ ಕೋಣೆ

ಮಾನ್ಯ ಓದುಗರೇ, ಇದುವರೆಗೆ ರಜೆಯ ಅರ್ಜಿಗಳನ್ನು ಬಿಟ್ಟು ಬೇರೇನನ್ನೂ ಬರೆಯದ ನಾನು, ಈ ಕೆಳಗಿನ ಸಂಗತಿಯನ್ನು ತಮ್ಮ ಗಮನಕ್ಕೆ ತರಲು ಬಯಸುತ್ತೇನೆ. ತಪ್ಪಿದ್ದರೆ ಮನ್ನಿಸಬೇಕು. ಮೊನ್ನೆ ಜೆ.ಪಿ. ನಗರದ ನಮ್ಮ ಬೀದಿಯಲ್ಲಿ ಇಸ್ತ್ರಿ ಗಾಡಿಯವರಿಗೆ ಬಟ್ಟೆ ಕೊಡುತ್ತಿದ್ದಾಗ ಇದ್ದಿಲು ಕೆಂಡದ ಬಿಸಿ ಮುಖಕ್ಕೆ ಬಡಿಯಿತು. ತಟ್ಟನೆ ಹಿಂದೆ ಸರಿದೆ. "ಯಾಕ್ ಸಾರ್, ಕಿಡಿ ಹಾರ್ತಾ?" ಎಂದರು. ಕಿಡಿ ಹಾರಿರಲಿಲ್ಲ.

ನನ್ನ ಸೋದರತ್ತೆ ಪುಟ್ಟಮ್ಮನವರ ಮನೆ ಇರುವುದು ಜರಗನಹಳ್ಳಿಯಲ್ಲಿ. ಹೊಲಗಳೆಲ್ಲ ಕಟ್ಟಡಗಳಾದ ಮೇಲೂ ಅವರ ಚಳಿಗಾಲ ಮಾತ್ರ ಹಳ್ಳಿಯದಾಗಿಯೇ ಉಳಿದಿತ್ತು. ದೀಪಾವಳಿ ಕಳೆದೊಡನೆ ಕಂಬಳಿಗಳು ಬಿಸಿಲಿಗೆ ಬೀಳುತ್ತಿದ್ದವು. ಬಚ್ಚಲ ಹಂಡೆಯ ಹೊರಮೈಗೆ ಕೆಮ್ಮಣ್ಣು ಮೆತ್ತಬೇಕಿತ್ತು. ಈ ಕೆಲಸಕ್ಕೆ ನನ್ನನ್ನು ವರ್ಷವೂ ಕರೆಸಲಾಗುತ್ತಿತ್ತು. ನಾನು ಮೆತ್ತಿದ್ದನ್ನು ಅತ್ತೆ ವರ್ಷವೂ ಕೆರೆದು ತಾವೇ ಮೆತ್ತುತ್ತಿದ್ದರು. ಕೊನೆಗೆ ಬಾಗಿಲು, ಕಿಟಕಿಗಳ ಸಂದಿಗೆ ಹಳೆ ಸೀರೆಯ ಚೂರುಗಳನ್ನು ತುರುಕಿ, ಮಣ್ಣಿನ ಬಾಂಡ್ಲಿಯಲ್ಲಿ ಹೊಗೆಯಾಡದ ಕೆಂಡವನ್ನು ಮಂಚದ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದರು. ಮದುವೆಯಾಗಿ ಬಂದಂದಿನಿಂದ ಅದೇ ರೂಢಿ. ಮೇಲೆ ಹೊದಿಸಿದ್ದು ನಾಡಹೆಂಚಿನ ಮಾಡು. ಅದರ ಸಂದುಗಳಿಂದ ನಕ್ಷತ್ರವೂ ಕಾಣುತ್ತಿತ್ತು.

ಹೋದ ವರ್ಷ ಅವರ ಮಗ ಮಂಜು ಆ ಮಾಡನ್ನು ಇಳಿಸಿ ಆರ್‌ಸಿಸಿ ಮನೆ ಕಟ್ಟಿಸಿದ. ತಾನು ಮೇಲಿನ ಮಹಡಿಗೆ ಹೋದ; ಅತ್ತೆ ಕೆಳಗಿನ ಕೋಣೆಯನ್ನೇ ಇಟ್ಟುಕೊಂಡರು. ಹೊಸ ಮನೆಯ ಮೊದಲ ಚಳಿ. ಸಂದಿಗಳನ್ನೆಲ್ಲ ಎಂದಿನಂತೆ ಮುಚ್ಚಿದ ಅತ್ತೆ, "ಈ ಸಲ ಒಂದ್ ಎಳೆ ಗಾಳೀನೂ ಒಳಿಕ್ ಬರಾಕಿಲ್ಲ ನೋಡ್ಲಾ" ಎಂದು ಬೀಗಿದರು. ನಾವೂ ಹೌದೆಂದೆವು. ಆ ರಾತ್ರಿ ನಾನು ಮೇಲೆ ಮಂಜುವಿನ ಮನೆಯಲ್ಲೇ ಉಳಿದೆ.

ಬೆಳಿಗ್ಗೆ ಹಾಲಿನವನು ಕೂಗಿ ಕೂಗಿ ಹೋದರೂ ಅತ್ತೆ ಏಳಲಿಲ್ಲ. ಮಂಜು ಬಾಗಿಲು ಬಡಿದ. ಒದ್ದ. ಕೊನೆಗೆ ಇಬ್ಬರೂ ಭುಜ ಕೊಟ್ಟು ಚಿಲಕ ಮುರಿದೆವು. ಒಳಗೆ ಹೊಗೆಯಿಲ್ಲ, ವಾಸನೆಯಿಲ್ಲ, ಏನೂ ನಡೆದಂತಿರಲಿಲ್ಲ. ಅತ್ತೆಯ ಕೆನ್ನೆಗಳು ಕೆಂಪಗಿದ್ದವು. ಇಷ್ಟು ಆರೋಗ್ಯವಾಗಿ ಅವರನ್ನು ಎಂದೂ ಕಂಡಿಲ್ಲವೆಂದು ನನಗೆ ಅನ್ನಿಸಿತು. ಅಲುಗಿಸಿದೆ. ಕೈ ಮಂಚದಿಂದ ಜಾರಿ ಜೋತುಬಿತ್ತು. ಆ ಕ್ಷಣವನ್ನು ವರದಿ ಮಾಡುವ ಭಾಷೆ ನನ್ನಲ್ಲಿಲ್ಲ.

ಆಸ್ಪತ್ರೆಯಲ್ಲಿ ಆಮ್ಲಜನಕ ಹಾಕಿದರು. "ಒಳಗೆ ಕೆಂಡ ಇಟ್ಟಿದ್ರಾ?" ಎಂದರು ಡಾಕ್ಟರು.

"ಹೊಗೇನೇ ಇರ್ಲಿಲ್ಲ ಮೇಡಂ!" ಎಂದ ಮಂಜು.

"ಇದ್ದಿದ್ರೆ ಕೆಮ್ಮಿ ಎದ್ದಿರೋರು ಕಣ್ರೀ. ಕೆಂಡದಿಂದ ಬರೋ ವಿಷಗಾಳಿ ಕಾಣಲ್ಲ. ಹೊರಗೆ ಹೋಗೋಕೆ ದಾರೀನೇ ಬಿಟ್ಟಿಲ್ಲ ನೀವು."

ಅತ್ತೆಗೆ ಎಚ್ಚರವಾದದ್ದು ಮಧ್ಯಾಹ್ನ. ಸುತ್ತ ನಿಂತ ನಮ್ಮನ್ನು ನೋಡಿದರು. ಅವರ ಮೊದಲ ಮಾತು, "ಯಾರ್ಲಾ ಬಾಗ್ಲು ತೆಗ್ದಿದ್ದು? ಮುಚ್ರೋ, ಗಾಳಿ ಬತ್ತೈತೆ." ಮಂಜು ಗೋಡೆಗೆ ಮುಖ ಮಾಡಿ ಅತ್ತ. ಇಷ್ಟು ವರ್ಷ ಆ ಹಳೆಯ ಮಾಡು ಚಳಿಯನ್ನು ಒಳಗೆ ಬಿಡುತ್ತದೆಂದು ಎಲ್ಲರೂ ದೂರುತ್ತಿದ್ದೆವು. ಅದು ಏನನ್ನು ಹೊರಗೆ ಕಳಿಸುತ್ತಿತ್ತೆಂಬುದು ನಮ್ಮಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ.

ಈ ವರ್ಷವೂ ಕರೆ ಬಂತು, ನಿನ್ನೆ ಹೋಗಿದ್ದೆ. ಕೆಂಡ ಕೋಣೆಯೊಳಗೆ ಬರುವುದು ನಿಂತಿದೆ. ಅಷ್ಟಕ್ಕೇ ಸಮಾಧಾನವಾಗದೆ ಅತ್ತೆ ಗಾರೆಯವನನ್ನು ಕರೆಸಿ, ಸೂರಿನಡಿ ಹೊಸ ಗೋಡೆಗೆ ಗಾಳಿಯಾಡಲು ತೂತು ಕೊರೆಸುತ್ತಿದ್ದರು. ಎದುರು ಮನೆಯಾಕೆ ಕೆಣಕಿದರು: "ಏನ್ ಪುಟ್ಟಮ್ಮಕ್ಕ, ಇಲಿಗಳಿಗೂ ಬಾಡಿಗೆಗೆ ಕೊಡ್ತೀರಾ?"

"ಅಡ್ವಾನ್ಸ್ ಕೊಟ್ರೆ ಕೊಡ್ತೀನಿ ಕಣಮ್ಮ" ಎಂದರು ಅತ್ತೆ.

ಗಾರೆಯವನು ಹೋದ ಮೇಲೆ ಕೋಣೆಯಲ್ಲಿ ಕುಳಿತೆ. ಸಂಜೆಯ ಗಾಳಿ ಹೊಸ ತೂತಿನಿಂದ ಇಳಿದು ಕತ್ತಿಗೆ ತಾಕಿತು. ಮೈ ನಡುಗಿತು.

"ಶಾಲ್ ಹೊದ್ಕೊಳ್ಲಾ, ಶೀತ ಆಯ್ತದೆ."

"ಇರ್ಲಿ ಅತ್ತೆ" ಎಂದೆ. "ಚಳಿ ಗೊತ್ತಾಗ್ತಾ ಇರ್ಲಿ."